ಬರೆಯದೆ ಬಿಟ್ಟ ಚುಕ್ಕೆ

ಮಳೆಗಾಲದಲ್ಲಿ ರಕ್ತದ ಸ್ಲೈಡು ಒಣಗಿಸುವ ಪಾಡನ್ನು ಮಲೆನಾಡಿನ ಲ್ಯಾಬಿನಲ್ಲಿ ಕೆಲಸ ಮಾಡದವರಿಗೆ ಹೇಳಿ ಪ್ರಯೋಜನವಿಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವಿಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ತೆಳ್ಳಗೆ ಎಳೆದು, ಗಾಳಿಯಲ್ಲಿ ನಾಲ್ಕು ಸಲ ಆಡಿಸಿದರೆ ಬೇಸಿಗೆಯಲ್ಲಿ ಒಣಗಿಬಿಡುತ್ತದೆ. ಆಗಸ್ಟಿನಲ್ಲಿ ಅದು ಹಟ ಹಿಡಿದು ಕೂರುತ್ತದೆ. ತೇವ ಉಳಿದರೆ ಕೆಂಪು ಕಣಗಳ ಮೇಲೆ ಇಲ್ಲದ ಗುಳ್ಳೆ, ಇಲ್ಲದ ಚುಕ್ಕೆ ಕಾಣುತ್ತವೆ. ಕೊಪ್ಪದ ನಮ್ಮ ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಬಿಸ್ಕತ್ತಿನ ಡಬ್ಬಿಯೊಳಗೆ ಒಂದು ಬಲ್ಬು ಹಾಕಿ, ಅದರ ಮುಚ್ಚಳದ ಮೇಲೆ ಸ್ಲೈಡು ಒಣಗಿಸುತ್ತಿದ್ದೆ. ಕರೆಂಟು ಹೋದರೆ ಆ ವೈಭವವೂ ಇಲ್ಲ. ಹಾಗಾಗಿ ಮಳೆಗಾಲದ ಸ್ಲೈಡಿನಲ್ಲಿ ಏನೇ ವಿಚಿತ್ರ ಕಂಡರೂ ‘ಮಳೆಯ ಕಾಟ’ ಎಂದುಕೊಂಡು ಮುಂದೆ ಹೋಗುವುದು ನನಗೆ ಅಭ್ಯಾಸವಾಗಿತ್ತು. ಆ ಅಭ್ಯಾಸ ಒಬ್ಬ ಹೆಂಗಸಿನ ಜೀವ ತೆಗೆಯುವುದರಲ್ಲಿತ್ತು.

೨೦೦೬ರ ಆಗಸ್ಟು. ಶೃಂಗೇರಿ ಹತ್ತಿರದ ಮೆಣಸೆಯಿಂದ ಇಪ್ಪತ್ತಾರು ವರ್ಷದ ಒಬ್ಬಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದರು. ಗಂಡ ಪೌರೋಹಿತ್ಯದವರು, ಆ ದಿನ ಊರಲ್ಲಿರಲಿಲ್ಲ. ಜೊತೆಗೆ ಬಂದವರು ಅತ್ತೆ. ಅರವತ್ತು ದಾಟಿದ, ನೇರ ಮಾತಿನ, ಕೈಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಕವರು ಹಿಡಿದಿರುತ್ತಿದ್ದ ಹೆಂಗಸು. ಸೊಸೆಗೆ ಜ್ವರ, ಬಲಗಡೆ ಎದೆನೋವು, ಉಸಿರಾಡಿದರೆ ಗೊರಗೊರ ಸದ್ದು. ಹದಿನಾಲ್ಕು ತಿಂಗಳಲ್ಲಿ ಇದು ಮೂರನೇ ನ್ಯುಮೋನಿಯ. ಮೊದಲೇ ಬಡಕಲು ದೇಹ, ಹಿಮೋಗ್ಲೋಬಿನ್ ಏಳು. ವರ್ಷವಿಡೀ ಕಬ್ಬಿಣದ ಮಾತ್ರೆ ನುಂಗಿದರೂ ಅದು ಎಂಟರ ಗಡಿ ದಾಟಿರಲಿಲ್ಲ.

ನಮ್ಮ ಡಾಕ್ಟರಿಗೆ ಟಿ.ಬಿ. ಎಂಬ ಅನುಮಾನ. ಅವರದೂ ತಪ್ಪಲ್ಲ. ತೆಳ್ಳಗಿನ ಹೆಣ್ಣುಮಗಳು, ಮತ್ತೆಮತ್ತೆ ಕೆಮ್ಮು, ರಕ್ತವಿಲ್ಲ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಅದೇ. ಹಿಂದಿನ ಎರಡು ಸಲವೂ ಕಫ ತೆಗೆದುಕೊಂಡು ನಾನೇ ನೋಡಿದ್ದೆ, ಏನೂ ಸಿಕ್ಕಿರಲಿಲ್ಲ. ಈ ಸಲವೂ ಸಿಗಲಿಲ್ಲ.

“ಸಿಗದಿದ್ರೆ ಬಿಡಿ. ನಾಳೆಯಿಂದ ಟಿ.ಬಿ. ಮಾತ್ರೆ ಶುರು ಮಾಡ್ತೇನೆ. ಇನ್ನು ಕಾಯಕ್ಕಾಗಲ್ಲ” ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿತ್ತು. ರೋಗ ಹಿಡಿತಕ್ಕೆ ಸಿಗದಿದ್ದರೆ ಅವರಿಗೆ ನಮ್ಮೆಲ್ಲರ ಮೇಲೂ ಸಿಟ್ಟು ಬರುತ್ತಿತ್ತು.

ಆ ಮಧ್ಯಾಹ್ನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಕರೆಂಟೂ ಇತ್ತು. ನಾನು ಅವಳ ರಕ್ತದ ಸ್ಲೈಡನ್ನು ಪೂರ್ತಿ ಒಣಗಿಸಿ, ಬಣ್ಣ ಹಾಕಿ, ಗಡಿಯಾರ ನೋಡಿಕೊಂಡು ತೊಳೆದೆ. ಮೈಕ್ರೋಸ್ಕೋಪಿನ ನೂರರ ಲೆನ್ಸಿಗೆ ಎಣ್ಣೆ ಬಿಟ್ಟು ಕೂತೆ. ಕೆಂಪು ಕಣಗಳು ಒಂದೊಂದು ಒಂದೊಂದು ಗಾತ್ರ. ಕೆಲವು ಸಣ್ಣ, ಕೆಲವು ಊದಿದಂಥವು. ಅದು ಗೊತ್ತಿದ್ದದ್ದೇ. ಆದರೆ ಅಲ್ಲಲ್ಲಿ ಒಂದು ಕಣದ ಅಂಚಿನಲ್ಲಿ ಒಂದೇ ಒಂದು ಚುಕ್ಕೆ. ದುಂಡಗೆ, ಅಚ್ಚ ನೇರಳೆ, ಸಾಸಿವೆಗಿಂತ ಅಚ್ಚುಕಟ್ಟು.

‘ಮಳೆ’ ಎಂದು ಎದ್ದೇಳುವವನಿದ್ದೆ. ಆದರೆ ಆ ದಿನ ಸ್ಲೈಡು ಚೆನ್ನಾಗಿ ಒಣಗಿತ್ತು, ಮಳೆಯ ಮೇಲೆ ಹಾಕಲು ನೆಪವೇ ಇರಲಿಲ್ಲ. ಬಣ್ಣದ ಕಸವೋ ಕಣದೊಳಗಿನ ವಸ್ತುವೋ ತಿಳಿಯಲು ಒಂದು ಸುಲಭ ಉಪಾಯವಿದೆ. ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಕಸವಾದರೆ ಕಣದ ಮೇಲೆ ಕೂತಿರುತ್ತದೆ, ಕಣ ಮಸುಕಾದಾಗ ಅದು ಸ್ಪಷ್ಟವಾಗುತ್ತದೆ. ಒಳಗಿನದಾದರೆ ಎರಡೂ ಒಟ್ಟಿಗೆ ಸ್ಪಷ್ಟವಾಗಿ, ಒಟ್ಟಿಗೆ ಮಸುಕಾಗುತ್ತವೆ. ನಾನು ತಿರುಗಿಸಿದೆ. ಎರಡೂ ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ಹತ್ತು ಕಡೆ ನೋಡಿದೆ, ಹತ್ತು ಕಡೆಯೂ ಹಾಗೆಯೇ.

ಎದ್ದು ಹಳೆಯ ಪೆಟ್ಟಿಗೆ ತೆಗೆದೆ. ಯಾಕೆಂದರೆ ಈ ಚುಕ್ಕೆಗಳನ್ನು ನಾನು ಮೊದಲೂ ನೋಡಿದ್ದೆ. ಹಳೆಯ ಸ್ಲೈಡುಗಳನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದೆವು. ಹಿಂದಿನ ವರ್ಷದ ಜೂನಿನಲ್ಲಿ ಅವಳು ಮೊದಲ ಸಲ ಸೇರಿದಾಗಿನ ಸ್ಲೈಡನ್ನು ಹುಡುಕಿ, ಧೂಳು ಒರೆಸಿ, ಲೆನ್ಸಿನ ಕೆಳಗಿಟ್ಟೆ. ಅಲ್ಲೂ ಇದ್ದವು. ಅಂದು ನಾನು ಅವನ್ನು ನೋಡಿ, ತಿರುಪು ತಿರುಗಿಸುವ ತೊಂದರೆ ತೆಗೆದುಕೊಳ್ಳದೆ, ವರದಿಯಲ್ಲಿ ‘ರಕ್ತಹೀನತೆ’ ಎಂದಷ್ಟೇ ಬರೆದು ಎನ್.ಆರ್.ಪುರದ ಬಸ್ಸು ತಪ್ಪೀತೆಂದು ಓಡಿದ್ದೆ.

ಈಗ ನನ್ನೆದುರು ಎರಡು ದಾರಿ ಇದ್ದವು. ಇವತ್ತಿನ ಸ್ಲೈಡನ್ನು ಮಾತ್ರ ತೋರಿಸಿದರೆ ಜಾಣ ಎನ್ನಿಸಿಕೊಳ್ಳಬಹುದು. ಎರಡನ್ನೂ ತೋರಿಸಿದರೆ ಬೈಗುಳ. ಒಂದು ದಿನದ ಚುಕ್ಕೆಗೂ ಹದಿನಾಲ್ಕು ತಿಂಗಳ ಚುಕ್ಕೆಗೂ ವ್ಯತ್ಯಾಸವಿದೆ. ಹಳೆಯದಾದರೆ ಕಾಯಿಲೆಯೂ ಹಳೆಯದು, ಅದು ಡಾಕ್ಟರಿಗೆ ಗೊತ್ತಾಗಲೇಬೇಕಿತ್ತು. ಕೊನೆಗೆ ಎರಡನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ.

“ಇವರ ಗುಲ್ಮ ಆಪರೇಷನ್ ಮಾಡಿ ತೆಗೆದಿದಾರಾ ಸಾರ್?” ಎಂದೆ.

“ಯಾರ್ ಹೇಳಿದ್ದು? ಹೊಟ್ಟೆ ಮೇಲೆ ಒಂದು ಗೆರೆ ಇಲ್ಲ.”

“ಹಾಗಾದ್ರೆ ಇದು ಹೇಗೆ ಬಂತು, ನೋಡಿ.”

ಅವರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತು ನೋಡಿದರು. ಪುಸ್ತಕದಲ್ಲಿ ಹಾವೆಲ್-ಜಾಲಿ ಬಾಡಿ ಎಂದು ಕರೆಯುವ ಚುಕ್ಕೆಗಳು ಅವು. ಕೆಂಪು ಕಣ ಹುಟ್ಟುವಾಗ ಉಳಿದುಹೋಗುವ ಕಸ. ಎಲ್ಲರ ರಕ್ತದಲ್ಲೂ ಹುಟ್ಟುತ್ತದೆ, ಆದರೆ ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗಿರುವ ಗುಲ್ಮ ಅದನ್ನು ಹೆಕ್ಕಿ ತೆಗೆಯುತ್ತದೆ. ರಕ್ತದಲ್ಲಿ ಅದು ಓಡಾಡಿಕೊಂಡಿದೆ ಎಂದರೆ ಗುಲ್ಮ ಇಲ್ಲ, ಇಲ್ಲವೇ ಇದ್ದೂ ಕೆಲಸ ಮಾಡುತ್ತಿಲ್ಲ. ಕೆಲವು ಜಾತಿಯ ರೋಗಾಣುಗಳನ್ನು ಹಿಡಿದು ಹಾಕುವುದೂ ಅದೇ ಗುಲ್ಮದ ಕೆಲಸ. ಅದು ಕೈಬಿಟ್ಟರೆ ಬೇರೆಯವರಿಗೆ ನಾಲ್ಕು ದಿನದ ಜ್ವರವಾಗಿ ಹೋಗುವುದು ಇಂಥವರಿಗೆ ಒಂದೇ ದಿನದಲ್ಲಿ ರಕ್ತಕ್ಕೆಲ್ಲ ಹರಡಿ ಪ್ರಾಣಕ್ಕೆ ಬರುತ್ತದೆ.

ಎರಡನೇ ಸ್ಲೈಡಿನ ತಾರೀಖು ಓದಿ ಡಾಕ್ಟರು ನನ್ನ ಮುಖ ನೋಡಿದರು. “ಹೋದ ವರ್ಷ ನೋಡಿದ್ರಾ?”

“ನೋಡಿದ್ದೆ. ಮಳೆಗೆ ಸ್ಲೈಡು ಕೆಟ್ಟು ಬಣ್ಣದ ಕಸ ಕೂತಿದೆ ಅಂದುಕೊಂಡೆ. ಬರೀಲಿಲ್ಲ.”

ಬೈಯುತ್ತಾರೆ ಎಂದು ನಿಂತಿದ್ದೆ. ಬೈದರು ಕೂಡ, ಆದರೆ ವಾರ್ಡಿನ ಕಡೆ ಓಡುತ್ತಾ ಬೈದರು. ಇಂಜೆಕ್ಷನ್ನಿನ ಡೋಸು ಇಮ್ಮಡಿಯಾಯಿತು, ಇನ್ನೊಂದು ಔಷಧಿ ಸೇರಿತು, ಟಿ.ಬಿ. ಮಾತ್ರೆಯ ಮಾತು ಅಲ್ಲಿಗೆ ನಿಂತಿತು. ಸಂಜೆಯ ಹೊತ್ತಿಗೆ ಅವಳ ರಕ್ತದೊತ್ತಡ ಕುಸಿಯತೊಡಗಿತ್ತು. ಡೋಸು ಏರಿಸುವುದು ಮಾರನೆಯ ದಿನವಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂರನೇ ದಿನ ಜ್ವರ ಇಳಿಯಿತು. ವಾರಕ್ಕೊಮ್ಮೆ ಬರುತ್ತಿದ್ದ ಸ್ಕ್ಯಾನಿಂಗ್ ಡಾಕ್ಟರು ಹೊಟ್ಟೆಯ ಮೇಲೆ ಉಪಕರಣ ಆಡಿಸಿ, “ಗುಲ್ಮ ಹುಡುಕೋದೇ ಕಷ್ಟ, ಬತ್ತಿಹೋಗಿದೆ” ಎಂದರು.

ಆಪರೇಷನ್ ಇಲ್ಲದೆ ಗುಲ್ಮ ಬತ್ತುವುದು ಯಾಕೆ? ನಮ್ಮ ಡಾಕ್ಟರು ಎರಡು ದಿನ ದಪ್ಪ ಪುಸ್ತಕ ಹಿಡಿದು ಕೂತರು. ಮೂರನೇ ದಿನ ಸೊಸೆಯ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು, ಕೇಳದೆ ಬಿಟ್ಟಿದ್ದನ್ನೆಲ್ಲ ಕೇಳಿದರು. ಹೊಟ್ಟೆ ಕೆಡುವುದುಂಟಾ? ಚಿಕ್ಕಂದಿನಿಂದ ಉಂಟು. ಕಿಗ್ಗದ ತವರಿನಲ್ಲಿ ಎಷ್ಟೋ ಸಲ ಸ್ಕೂಲು ತಪ್ಪಿತ್ತು. ಮದುವೆಯಾದ ಮೇಲೆ? ಹೆಚ್ಚಾಯಿತು. ಯಾವಾಗ ಹೆಚ್ಚು?

ಸೊಸೆ ಅತ್ತೆಯ ಮುಖ ನೋಡಿ ಮೆಲ್ಲಗೆ ಹೇಳಿದಳು: “ಏಕಾದಶಿ ಆದ ಮೇಲೆ ಎರಡು ದಿನ. ಮತ್ತೆ ಶನಿವಾರ ರಾತ್ರೆ ಒಪ್ಪೊತ್ತು ಇರ್ತದಲ್ಲ, ಅದರ ಮಾರನೇ ದಿನ.”

ಒಪ್ಪೊತ್ತು ಎಂದರೆ ಆ ಹೊತ್ತು ಅನ್ನ ಉಣ್ಣುವಂತಿಲ್ಲ. ಅನ್ನವಿಲ್ಲದ ಹೊತ್ತಿಗೆ ಆ ಮನೆಗಳಲ್ಲಿ ಆಗುವುದು ಚಪಾತಿ, ರವೆ ಉಪ್ಪಿಟ್ಟು, ಗೋಧಿ ದೋಸೆ. ಎಲ್ಲವೂ ಗೋಧಿ. ಡಾಕ್ಟರು ಪೆನ್ನು ಕೆಳಗಿಟ್ಟರು. ಗೋಧಿಯೊಳಗಿನ ಗ್ಲೂಟೆನ್ ಎಂಬ ಅಂಟು ಕೆಲವರ ಕರುಳಿಗೆ ಆಗುವುದಿಲ್ಲ. ಒಳಪದರ ಸವೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತ ಏರುವುದಿಲ್ಲ, ಕೆಲವರಲ್ಲಿ ಗುಲ್ಮವೂ ಸೊರಗುತ್ತದೆ. ಸೀಲಿಯಾಕ್ ಎಂದು ಅದರ ಹೆಸರು. ಮೂರು ಹೊತ್ತೂ ಅನ್ನ ಉಣ್ಣುವ ನಮ್ಮ ಕಡೆ ಅದನ್ನು ನೆನೆಯುವವರೇ ಇರಲಿಲ್ಲ. ಅವಳ ರಕ್ತವನ್ನು ಕರಾವಳಿಯ ಒಂದು ದೊಡ್ಡ ಲ್ಯಾಬಿಗೆ ಕಳಿಸಿದೆವು. ಒಂಬತ್ತನೇ ದಿನ ವರದಿ ಬಂತು. ಅನುಮಾನಕ್ಕೆ ಬಲ ಬಂತು.

ಡಾಕ್ಟರು ಅತ್ತೆಯನ್ನು ಕೂರಿಸಿಕೊಂಡು ವಿವರಿಸಿದರು. ಆಕೆ ಪೂರ್ತಿ ಕೇಳಿ, ಪ್ಲಾಸ್ಟಿಕ್ ಕವರಿನಿಂದ ಎರಡು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಹಿಂದೆ ಎರಡು ಸಲ ಡಿಸ್ಚಾರ್ಜ್ ಆಗುವಾಗ ನಮ್ಮ ಆಸ್ಪತ್ರೆಯಲ್ಲೇ ಬರೆದುಕೊಟ್ಟ ಚೀಟಿಗಳು. ಎರಡರ ಕೊನೆಯಲ್ಲೂ ಡಾಕ್ಟರ ಕೈಬರಹ: ‘ಅನ್ನ ಬೇಡ. ಬ್ರೆಡ್ಡು, ರವೆ ಗಂಜಿ ಕೊಡಿ.’

“ಅನ್ನ ಥಂಡಿ ಅಂತ ನೀವೂ ಹೇಳಿದ್ರಿ, ನಾನೂ ಹೌದು ಅಂದ್ಕಂಡೆ” ಎಂದರು ಆಕೆ. “ಬ್ರೆಡ್ಡು ಪ್ಯಾಟೆಯದು, ಅದರಲ್ಲಿ ಎಂತ ಶಕ್ತಿ ಅಂತ ನಾನೇ ಗೋಧಿ ಹುರ್ದು, ಬೀಸಿ, ಗಂಜಿ ಮಾಡಿ ಕುಡಿಸ್ದೆ. ಬ್ಯಾಡ ಅತ್ತೆ, ಹೊಟ್ಟೆ ನುಲಿತದೆ ಅಂದ್ಲು. ಬೈದು ಕುಡಿಸ್ದೆ ಮಾರಾಯ್ರೆ. ನಾನೇ ಕೈಯಾರೆ.”

ಡಾಕ್ಟರು ಎರಡೂ ಚೀಟಿ ಓದಿ ತಲೆ ತಗ್ಗಿಸಿದರು. ಅವರು ಹಾಗೆ ತಲೆ ತಗ್ಗಿಸಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೊನೆಗೆ, “ನಾನು ಬರೆದದ್ದಮ್ಮ, ನೀವು ನಡೆಸಿದ್ದು ಅಷ್ಟೇ” ಎಂದರು. ಬಾಗಿಲಲ್ಲಿ ನಿಂತಿದ್ದ ನನಗೆ ಆ ಮಾತು ಚುಚ್ಚಿತು. ಅವರು ಬರೆದದ್ದನ್ನು ಒಪ್ಪಿಕೊಂಡಿದ್ದರು. ನಾನು ಬರೆಯದೆ ಬಿಟ್ಟದ್ದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಇನ್ನೂ ಒಂದು ಸಂಕಟ ಬಾಕಿಯಿತ್ತು. ರೋಗ ಖಚಿತವಾಗಬೇಕಾದರೆ ದೊಡ್ಡ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ನೋಡಬೇಕು. ಅಲ್ಲಿಯವರೆಗೆ ಗೋಧಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಕರುಳು ಚೇತರಿಸಿಕೊಳ್ಳತೊಡಗಿ ಪರೀಕ್ಷೆ ಹಾದಿ ತಪ್ಪುತ್ತದೆ. ಆ ಪರೀಕ್ಷೆಗೆ ದಿನ ಸಿಕ್ಕಿದ್ದು ಹನ್ನೆರಡು ದಿನ ಕಳೆದು. ಆ ಹನ್ನೆರಡು ದಿನವೂ ಮೈಗೆ ಆಗುವುದಿಲ್ಲವೆಂದು ಗೊತ್ತಿದ್ದೇ ದಿನಕ್ಕೊಂದು ಚಪಾತಿ ತಿನ್ನಿಸಬೇಕು. “ಇದು ಎಂತ ನ್ಯಾಯ?” ಎಂದರು ಅತ್ತೆ. ಆದರೂ ತಿನ್ನಿಸಿದರು. ಹದಿಮೂರನೇ ದಿನ ಗಂಡ, ಹೆಂಡತಿ ಘಟ್ಟ ಇಳಿದು ಪರೀಕ್ಷೆ ಮುಗಿಸಿಕೊಂಡು ಬಂದರು. ಮರುವಾರ ಬಂದ ವರದಿಯೂ ಅದನ್ನೇ ಹೇಳಿತು. ಅತ್ತೆ ಮನೆಯ ಬೀಸುವ ಕಲ್ಲು, ಜರಡಿ, ಚಪಾತಿ ಮಣೆಯನ್ನೆಲ್ಲ ತಂಗಿಯ ಮನೆಗೆ ಕೊಟ್ಟುಬಿಟ್ಟರಂತೆ. ಏಕಾದಶಿಗೆ ಸಾಬಕ್ಕಿ, ಗೆಣಸು, ಬಾಳೆಕಾಯಿ ಬಂದವು.

ಇನ್ನು ಲಸಿಕೆ. ಗುಲ್ಮ ಸೊರಗಿದವರಿಗೆ ನ್ಯುಮೋನಿಯದ ಲಸಿಕೆ ಹಾಕಲೇಬೇಕು. ಕೊಪ್ಪದಲ್ಲಿ ಅದು ಸಿಗುತ್ತಿರಲಿಲ್ಲ. ತರಲು ನಾನೇ ಘಟ್ಟ ಇಳಿದು ಕರಾವಳಿಗೆ ಹೋದೆ. ಹೋಗಿ ಎಂದು ಯಾರೂ ಹೇಳಿರಲಿಲ್ಲ, ಹೋಗದೆ ನನಗೆ ಸಮಾಧಾನವಿರಲಿಲ್ಲ. ಬಾಯಿ ಅಗಲದ ಫ್ಲಾಸ್ಕಿನಲ್ಲಿ ಮಂಜುಗಡ್ಡೆ, ಅದರ ಮೇಲೆ ಮಡಚಿದ ಕಾಗದ, ಕಾಗದದ ಮೇಲೆ ಲಸಿಕೆ. ಮಂಜುಗಡ್ಡೆಗೆ ನೇರ ತಾಗಿದರೆ ಹೆಪ್ಪುಗಟ್ಟಿ ಹಾಳು, ದೂರವಾದರೆ ಬಿಸಿಯಾಗಿ ಹಾಳು. ಆಗುಂಬೆ ಘಟ್ಟ ಹತ್ತುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ತಿರುವಿಗೊಮ್ಮೆ ಥರ್ಮಾಮೀಟರು ತೆಗೆದು ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು, “ಎಂತ ಮಾರಾಯ, ಫ್ಲಾಸ್ಕಿಗೆ ಜ್ವರನಾ?” ಎಂದು ನಕ್ಕರು. ಐದು ಡಿಗ್ರಿಯಲ್ಲಿ ಊರು ಮುಟ್ಟಿತು.

ಎಲ್ಲ ಸರಿಹೋಯಿತೆಂದು ನಾವು ಬೀಗುವ ಹೊತ್ತಿಗೆ ಸರಿಹೋಗಲಿಲ್ಲ. ಆರು ತಿಂಗಳಾದರೂ ಹೊಟ್ಟೆ ಕೆಡುವುದು ಪೂರ್ತಿ ನಿಲ್ಲಲಿಲ್ಲ. ಹಿಮೋಗ್ಲೋಬಿನ್ ಒಂಬತ್ತಕ್ಕೆ ಬಂದು ಅಲ್ಲೇ ಕೂತಿತು. ದೊಡ್ಡ ಲ್ಯಾಬಿಗೆ ಮತ್ತೆ ಕಳಿಸಿದ ರಕ್ತದ ವರದಿಯಲ್ಲೂ ರೋಗದ ಅಂಶ ಇಳಿದದ್ದು ಅಷ್ಟಕ್ಕಷ್ಟೆ. “ಕದ್ದು ಏನೋ ತಿಂತಿದಾಳೆ” ಎಂದರು ಡಾಕ್ಟರು. ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಅವಳ ಮೇಲೆ ನಂಬಿಕೆ ಇತ್ತು. ನನ್ನ ಕಣ್ಣನ್ನೇ ನಂಬದೆ ಒಮ್ಮೆ ಕೆಟ್ಟವನು ನಾನು, ಬೇರೆಯವರ ಮೇಲೆ ಅಷ್ಟು ಬೇಗ ಅಪನಂಬಿಕೆ ಬರಲಿಲ್ಲ. ಒಂದು ಭಾನುವಾರ ಲ್ಯಾಬಿನ ಅಯೋಡಿನ್ ಬಾಟಲಿ ಜೇಬಿಗಿಳಿಸಿ ಮೆಣಸೆಯ ಬಸ್ಸು ಹತ್ತಿದೆ.

ಆ ಮನೆಯ ಅಡಿಗೆಕೋಣೆ ಮಡಿ. ನಾನು ಒಳಗೆ ಹೋಗುವ ಹಾಗಿರಲಿಲ್ಲ. “ನೀವು ಜಗಲಿ ಮೇಲೆ ಕೂರಿ, ಕೇಳಿದ್ದು ನಾ ತರ್ತೆ” ಎಂದು ಅತ್ತೆ ಒಂದೊಂದೇ ಡಬ್ಬಿಯಿಂದ ಚಿಟಿಕೆ ಚಿಟಿಕೆ ತಂದು ಬಾಳೆಲೆ ಚೂರಿನ ಮೇಲಿಟ್ಟರು. ಮೆಣಸಿನ ಪುಡಿ, ಸಾರಿನ ಪುಡಿ, ಅರಿಶಿನ, ಜೀರಿಗೆ, ಹುಣಸೆ, ಇಂಗು. ಹಿಟ್ಟಿಗೆ ಅಯೋಡಿನ್ ತಾಗಿದರೆ ಕಪ್ಪುನೀಲಿ ಆಗುತ್ತದೆ. ಮೆಣಸಿನ ಪುಡಿ ಸುಮ್ಮನಿತ್ತು. ಅರಿಶಿನ ಸ್ವಲ್ಪ ಕಪ್ಪಾಯಿತು, ಅದು ಗಡ್ಡೆ, ಆಗಲೇಬೇಕು. ಇಂಗಿನ ಮೇಲೆ ಹನಿ ಬಿದ್ದದ್ದೇ ಶಾಯಿ ಚೆಲ್ಲಿದ ಹಾಗಾಯಿತು.

ಇಂಗು ಗಿಡದ ಬೇರಿನಿಂದ ಬರುವ ಗೋಂದು. ಅದರಲ್ಲಿ ಹಿಟ್ಟಿಗೆ ಏನು ಕೆಲಸ? “ಇದರ ಪ್ಯಾಕೆಟ್ ಇದೆಯಾ ಅಮ್ಮ?” ಎಂದೆ. ತಂದ ದಿನವೇ ಹಿತ್ತಾಳೆ ಭರಣಿಗೆ ಸುರಿದು ಪ್ಯಾಕೆಟ್ಟು ಒಲೆಗೆ ಹಾಕುವುದು ಆ ಮನೆಯ ರೂಢಿ. ಪುಣ್ಯಕ್ಕೆ ಒಡೆಯದ ಒಂದು ಪೊಟ್ಟಣ ಉಳಿದಿತ್ತು. ಅದರ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು: ಗೋಧಿ ಹಿಟ್ಟು, ಗೋಂದು, ಇಂಗು. ಅಂಗಡಿಯಲ್ಲಿ ಸಿಗುವ ಇಂಗೆಲ್ಲ ಸಾಮಾನ್ಯವಾಗಿ ಹೀಗೆ ಹಿಟ್ಟು ಬೆರೆಸಿದ್ದೇ. ಅದರಲ್ಲಿ ಗುಟ್ಟೇನಿಲ್ಲ. ಓದುವವರಿರಲಿಲ್ಲ ಅಷ್ಟೇ.

ಈರುಳ್ಳಿ, ಬೆಳ್ಳುಳ್ಳಿ ಹೊಸಿಲು ದಾಟದ ಮನೆ. ಸಾರಿಗೆ, ಹುಳಿಗೆ, ಪಲ್ಯಕ್ಕೆ, ಮಜ್ಜಿಗೆಗೆ ಇಂಗಿಲ್ಲದೆ ಒಂದು ಹೊತ್ತೂ ಕಳೆಯುವುದಿಲ್ಲ. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತರು. “ಹೊಟ್ಟೆ ಕೆಟ್ಟಾಗೆಲ್ಲ ಇಂಗು ಕದಡಿ ಮಜ್ಜಿಗೆ ಕೊಡ್ತಿದ್ದೆ. ಜಾಸ್ತಿ ಕೆಟ್ರೆ ಜಾಸ್ತಿ ಇಂಗು” ಎಂದರು. ಅಳುವುದೋ ನಗುವುದೋ ತಿಳಿಯದೆ ಇಬ್ಬರೂ ಸ್ವಲ್ಪ ನಕ್ಕೆವು. ಅಂದಿನಿಂದ ಆ ಮನೆಯ ಒಗ್ಗರಣೆಗೆ ಜೀರಿಗೆ, ಓಮ ಬಂದವು. ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ ಹನ್ನೊಂದು ದಾಟಿತು.

ಆದರೆ ಗುಲ್ಮ ಹಾಗೆ ಸುಲಭಕ್ಕೆ ಮರಳಿ ಬರುವುದಿಲ್ಲ. ‘ಜ್ವರ ಬಂದರೆ ಮನೆಯಲ್ಲಿಟ್ಟಿರುವ ಮಾತ್ರೆ ಮೊದಲು ಕೊಡಿ, ಆಮೇಲೆ ಹೊರಡಿ, ಬೆಳಗಾಗಲಿ ಮಳೆ ನಿಲ್ಲಲಿ ಎಂದು ಕಾಯಬೇಡಿ’ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಆ ಚೀಟಿಗೆ ಕೆಲಸ ಬಂತು. ಬೆಳಿಗ್ಗೆ ಚಳಿ ಹಿಡಿದ ಅರ್ಧ ಗಂಟೆಗೆ ಮಾತ್ರೆ ಹೊಟ್ಟೆ ಸೇರಿತ್ತು, ಹತ್ತು ಗಂಟೆಗೆ ಅವಳು ನಮ್ಮ ವಾರ್ಡಿನಲ್ಲಿದ್ದಳು. ಆ ಸಲ ಎಲ್ಲರೂ ಮಾಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದರು. ಮೂರನೇ ದಿನ ಅವಳು ಎದ್ದು ಕೂತು ಅನ್ನ, ಸಾರು ಉಂಡಳು.

ನಾಲ್ಕನೇ ದಿನ, ಮನೆಗೆ ಹೊರಡುವ ಮೊದಲು, ಅತ್ತೆ ಲ್ಯಾಬಿನ ಬಾಗಿಲಿಗೆ ಬಂದರು. “ಅದೆಂತದೋ ಚುಕ್ಕೆ ಅಂತಿದ್ರಲ್ಲ. ನಂಗೂ ಒಂದ್ಸಲ ತೋರಿಸ್ತ್ರಾ?”

ಸೊಸೆಯ ಈ ಸಲದ ಸ್ಲೈಡನ್ನು ಲೆನ್ಸಿನ ಕೆಳಗಿಟ್ಟು, ಸ್ಟೂಲು ತಗ್ಗಿಸಿಕೊಟ್ಟೆ. ಆಕೆ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ಹುಡುಕಿದರು. ನಾನು ಸ್ಲೈಡನ್ನು ಸರಿಸಿ ಒಂದನ್ನು ನಡುಮಧ್ಯಕ್ಕೆ ತಂದೆ.

“ಕಂಡ್ತು, ಕಂಡ್ತು. ಅಯ್ಯ, ಇಷ್ಟು ಸಣ್ಣದಾ! ಇದನ್ನ ಹ್ಯಾಂಗೆ ಕಂಡು ಹಿಡಿದ್ರಿ ಮಾರಾಯ್ರೆ? ನಿಮ್ಮಿಂದ ನಮ್ಮ ಕೂಸು ಉಳೀತು.”

ಆ ಮಾತಿಗೆ ತಲೆ ಆಡಿಸಿ ಸುಮ್ಮನಾಗಬಹುದಿತ್ತು. ವರ್ಷದಿಂದ ಹಾಗೆಯೇ ಸುಮ್ಮನಿದ್ದೆ. ಆಕೆ ಕಣ್ಣು ಎತ್ತಿ ನನ್ನನ್ನು ನೋಡಿದಾಗ ನನ್ನಿಂದ ಆಗಲಿಲ್ಲ.

“ಹೋದ ವರ್ಷ ಹಿಡಿದದ್ದು ಅಮ್ಮ. ಕಂಡದ್ದು ಅದರ ಹಿಂದಿನ ವರ್ಷವೇ. ಮೊದಲ ಸಲ ನೀವು ಬಂದಾಗಲೇ. ಮಳೆಗೆ ಸ್ಲೈಡು ಕೆಟ್ಟಿದೆ ಅಂದುಕೊಂಡು ಬರೀಲಿಲ್ಲ.”

ಆಕೆ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಜೀಪು ಒಮ್ಮೆ ಹಾರ್ನ್ ಮಾಡಿತು.

“ಹಂಗಾರೆ ಆ ವರ್ಷ ಇಡೀ ನಾ ಗಂಜಿ ಕುಡಿಸಿದ್ದು...” ಎಂದು ಅರ್ಧಕ್ಕೆ ನಿಲ್ಲಿಸಿದರು.

“ಹೌದಮ್ಮ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡರು. ಸ್ಟೂಲಿನಿಂದ ಎದ್ದು, ಅದನ್ನು ನನ್ನ ಕಡೆ ನೂಕಿ, ಗೋಡೆ ಬದಿಯ ಬೆಂಚಿನ ಮೇಲೆ ಕೂತರು.

“ಈಗ ಎಷ್ಟು ಇದ್ದಾವೆ ಅದರಲ್ಲಿ?”

“ಎಣಿಸಬೇಕು. ಹೊತ್ತಾಗ್ತದೆ.”

“ಎಣ್ಸು. ಜೀಪು ಕಾಯ್ಲಿ.”

ನಾನು ಎಣಿಸಿದೆ. ಸಾವಿರ ಕಣ ಮುಗಿಯುವವರೆಗೂ ಆಕೆ ಅಲುಗಾಡಲಿಲ್ಲ. ಆರು ಚುಕ್ಕೆ ಸಿಕ್ಕವು, ಹೋದ ವರ್ಷಕ್ಕಿಂತ ಕಡಿಮೆ. ಹೇಳಿದೆ.

“ಬರ್ದ್ಯಾ?”

“ಬರೆದೆ ಅಮ್ಮ.”

“ಓದು” ಎಂದರು. ನಾನು ಓದಿದೆ.